ಜಾಮೀನು ಆಗಿತ್ತು, ಶೂರಿಟಿ ಸಿಗಲಿಲ್ಲ

ಲೀಗಲ್ ಏಡ್ ಪ್ಯಾನೆಲ್‌ಗೆ, ಅಂದರೆ ವಕೀಲರನ್ನು ಇಡಲಾಗದವರ ಪರ ಉಚಿತವಾಗಿ ವಾದಿಸುವ ವಕೀಲರ ಪಟ್ಟಿಗೆ, ಸೇರಿದ ಹೊಸದರಲ್ಲಿ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಸಣ್ಣ ಕಳ್ಳತನದ ಕೇಸು. ಜಾಮೀನು ಅರ್ಜಿ ಹಾಕಿದೆ, ವಾದ ಮಾಡಿದೆ, ಆರ್ಡರ್ ಆಯಿತು. ಖುಷಿಯಲ್ಲಿ ಫೈಲನ್ನು ಕಪಾಟಿಗೆ ಸೇರಿಸಿದೆ. ತಿಂಗಳ ಮೇಲೆ ಬೇರೆ ಕೆಲಸಕ್ಕೆಂದು ಜೈಲಿಗೆ ಹೋದರೆ ಅದೇ ಮನುಷ್ಯ ಎದುರಿಗೆ ನಿಂತಿದ್ದ. "ಜಾಮೀನು ಆಗಿದೆಯಂತೆ ಸಾರ್. ಆದ್ರೆ ಶೂರಿಟಿ ನಿಲ್ಲೋಕೆ ನಂಗೆ ಯಾರಿದಾರೆ?" ಅಂದ. ಶೂರಿಟಿ ಅಂದರೆ ಆರೋಪಿ ಕೋರ್ಟಿಗೆ ಬರುತ್ತಾನೆ ಎಂದು ತಮ್ಮ ಆಸ್ತಿ ತೋರಿಸಿ ಹೊಣೆ ನಿಲ್ಲುವವರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ನಾನೇ ಅವನಿಗೆ ಮೊದಲ ದಿನ ಕೇಳಬೇಕಿತ್ತು, ಅಲ್ವಾ?

ಅಂದಿನಿಂದ ಕೆಲಸ ಮಾಡುವ ಕ್ರಮ ಬದಲಾಯಿತು. ಈಗ ಒಂದು ಕೇಸಿಗೆ ನನ್ನನ್ನು ನೇಮಿಸಿದ ಪತ್ರ ಕೈಗೆ ಬಂದರೆ ಮೊದಲು ಹೋಗುವುದು ಜೈಲಿಗೆ. ಕೋರ್ಟಿನ ವರಾಂಡದಲ್ಲಿ, ಪೊಲೀಸರ ಪಕ್ಕದಲ್ಲಿ ಎರಡು ನಿಮಿಷ ಮಾತಾಡಿದರೆ ಯಾರೂ ಬಾಯಿ ಬಿಡುವುದಿಲ್ಲ. ಪ್ಯಾನೆಲ್ ಫೀಸು ಪೆಟ್ರೋಲಿಗೂ ಸಾಲದು ಎಂದು ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ಆದರೂ ಹೋಗಲೇಬೇಕು.

ಮೆಣಸಿನ ಕೇಸಿನಲ್ಲಿ ಇದು ಚೆನ್ನಾಗಿ ಅರ್ಥವಾಯಿತು. ಸಕಲೇಶಪುರದ ಕಡೆಯ ಒಂದು ತೋಟದ ಗೋಡೌನಿನಿಂದ ಒಣಗಿಸಿಟ್ಟ ಮೆಣಸಿನ ಮೂರು ಚೀಲ ಕಾಣೆಯಾಗಿತ್ತು. ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದ ಜಾರ್ಖಂಡಿನ ಹುಡುಗನನ್ನು ಹಿಡಿದರು. ಗೋಡೌನಿನ ಕಳ್ಳತನ ಅಂದರೆ ಭಾರತೀಯ ನ್ಯಾಯ ಸಂಹಿತೆಯ 305ನೇ ಸೆಕ್ಷನ್, 7 ವರ್ಷದವರೆಗೆ ಶಿಕ್ಷೆ. ವಕೀಲರನ್ನು ಇಡುವ ಶಕ್ತಿ ಅವನಿಗಿಲ್ಲ ಎಂದು ಕೇಸು ನನಗೆ ಬಂತು.

ಮೊದಲ ಭೇಟಿಯಲ್ಲಿ ಅವನು ನನ್ನನ್ನೇ ಅನುಮಾನದಿಂದ ನೋಡಿದ. ನನ್ನ ಹರುಕು ಮುರುಕು ಹಿಂದಿ, ಅವನ ಅರೆಬರೆ ಕನ್ನಡ. ಕೊನೆಗೆ ಕೇಳಿಯೇಬಿಟ್ಟ: ದುಡ್ಡು ತಗೊಳ್ಳದ ವಕೀಲರು ಯಾರ ಕಡೆಯವರು? ತೋಟದ ಸಾಹುಕಾರರ ಕಡೆಯವರಾ? ತಪ್ಪು ಪ್ರಶ್ನೆಯೇನಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರದ್ದು. ಅದರ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರುವವರು ಯಾರೇ ಆಗಲಿ, ಆದಾಯದ ಸರ್ಟಿಫಿಕೇಟ್ ಇಲ್ಲದೆ ವಕೀಲರನ್ನು ಪಡೆಯಬಹುದು. ನೀನು ಕೇಳದಿದ್ದರೂ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1986ರ ಸುಖ್ ದಾಸ್ ಕೇಸಿನಲ್ಲಿ ಹೇಳಿದೆ. ಇಷ್ಟನ್ನೆಲ್ಲ ಅವನಿಗೆ ಹೇಳಿದೆ. ಒಪ್ಪಿದನೋ ಇಲ್ಲವೋ, ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿದ.

ಫೈಲಿನ ಮೇಲೆ ಕೆಂಪು ಪೆನ್ನಲ್ಲಿ ಎರಡು ತಾರೀಖು ಬರೆಯುವುದು ನನ್ನ ರೂಢಿ. ಒಂದು, ಮೊದಲ ರಿಮಾಂಡ್ ಆದ ದಿನ, ಅಂದರೆ ಕೋರ್ಟ್ ಆರೋಪಿಯನ್ನು ಮೊದಲ ಸಲ ಕಸ್ಟಡಿಗೆ ಕಳಿಸಿದ ದಿನ. ಇನ್ನೊಂದು, ಅಲ್ಲಿಂದ 61ನೇ ದಿನ. ಇಂಥ ಕೇಸಿನಲ್ಲಿ 60 ದಿನದೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಆರೋಪಿಯ ಹಕ್ಕು. ದೊಡ್ಡ ಶಿಕ್ಷೆಯ ಕೇಸುಗಳಲ್ಲಿ ಅದು 90 ದಿನ. ರಿಮಾಂಡ್ ಆದ ದಿನವೂ ಲೆಕ್ಕಕ್ಕೆ ಸೇರುತ್ತದೆ. ಆದರೆ ನಾವು ಅರ್ಜಿ ಹಾಕುವ ಮೊದಲು ಚಾರ್ಜ್‌ಶೀಟ್ ಬಂದುಬಿಟ್ಟರೆ ಆ ಹಕ್ಕು ಹೋಯಿತು. ಹಾಗಾಗಿ 61ನೇ ದಿನ ಬೆಳಿಗ್ಗೆಯೇ ಕೋರ್ಟಿನಲ್ಲಿರಬೇಕು.

ಇವನಿಗೆ ಅಲ್ಲಿಯವರೆಗೆ ಕಾಯುವ ಪ್ರಸಂಗ ಬರಲಿಲ್ಲ. ಹಳೆಯ ಕೇಸಿಲ್ಲ, ಮಾಲು ಸಿಕ್ಕಿದ್ದು ಅವನ ಹತ್ತಿರವಲ್ಲ. 50 ಸಾವಿರದ ಮುಚ್ಚಳಿಕೆ (ಬಾಂಡ್), ಒಬ್ಬ ಶೂರಿಟಿ ಎಂದು ಜಾಮೀನಿನ ಆರ್ಡರ್ ಆಯಿತು. ನಿಜವಾದ ಕೆಲಸ ಶುರುವಾಗಿದ್ದು ಅಲ್ಲಿಂದ.

ಶೂರಿಟಿಗೆ ಪಹಣಿ, ಅಂದರೆ ಜಮೀನಿನ ದಾಖಲೆ, ಬೇಕು. ಲೈನ್ ಮನೆಯವರ ಹತ್ತಿರ ಪಹಣಿ ಎಲ್ಲಿಂದ ಬರಬೇಕು? ಹುಡುಗನ ಮೇಲೆ ಕನಿಕರವಿದ್ದ ಮೇಸ್ತ್ರಿ ಬಂದರು. ಅವರಿಗೆ ಎರಡು ಎಕರೆ ಇತ್ತು, ಆದರೆ ಪಹಣಿಯಲ್ಲಿ ಇನ್ನೂ ತೀರಿಹೋದ ಅಪ್ಪನ ಹೆಸರು. ಜಮೀನನ್ನು ವಾರಸುದಾರರ ಹೆಸರಿಗೆ ತರುವ ಪೌತಿ ಖಾತೆ ಮಾಡಿಸಿರಲಿಲ್ಲ. ಇನ್ನೊಬ್ಬರ ಹೆಸರಲ್ಲೇ ಪಹಣಿ ಇತ್ತು, ಬರೋಕೂ ಒಪ್ಪಿದ್ದರು. ಬೆಳಗಾಗುವಷ್ಟರಲ್ಲಿ ಮನೆಯಾಕೆ ಬೇಡ ಅಂದರಂತೆ. "ಅವ್ನು ಊರಿಗೆ ಓಡೋದ್ರೆ ನಮ್ ಜಮೀನಿಗೆ ಬರಲ್ವಾ ಸಾರ್?" ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ದುಡ್ಡು ಕೊಟ್ಟರೆ ಶೂರಿಟಿ ನಿಲ್ಲುವವರೂ ಇರುತ್ತಾರೆ. ಆ ದಾರಿ ನಾನು ತುಳಿಯುವುದಿಲ್ಲ. ನಾಳೆ ದಾಖಲೆ ಸುಳ್ಳು ಎಂದಾದರೆ ಆರೋಪಿಗೆ ಇನ್ನೊಂದು ತಲೆನೋವು.

ಹತ್ತು ದಿನ ಕಳೆಯಿತು. ಷರತ್ತು ಸಡಿಲಿಸಿ ಎಂದು ಅರ್ಜಿ ಬರೆದೆ. ಸುಪ್ರೀಂ ಕೋರ್ಟಿನ 1978ರ ಮೋತಿ ರಾಮ್ ಕೇಸಿನ ತೀರ್ಪನ್ನು ಜೊತೆಗಿಟ್ಟೆ. ಅದರಲ್ಲಿ ಆರೋಪಿ ಒಬ್ಬ ಗಾರೆ ಕೆಲಸದವನು. 10 ಸಾವಿರ ರೂಪಾಯಿ ಶೂರಿಟಿ ಕೇಳಿದ್ದರು. ಅವನ ಸೋದರ ಶೂರಿಟಿ ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನೂ ಒಪ್ಪಿರಲಿಲ್ಲ. ಹಾಗೆ ಮಾಡುವುದು ಸರಿಯಲ್ಲ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು. ನನ್ನ ಹುಡುಗನ ಅಪ್ಪನ ತುಂಡು ಭೂಮಿ ಇರುವುದೂ ಜಾರ್ಖಂಡಿನಲ್ಲೇ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೂ ಸ್ಪಷ್ಟವಾಗಿ ಹೇಳಿದೆ: ಸ್ಥಳೀಯ ಶೂರಿಟಿಯೇ ಬೇಕೆಂಬ ಹಟದಿಂದ ಬಿಡುಗಡೆ ತಡವಾಗುತ್ತಿದ್ದರೆ ಆ ಷರತ್ತು ಹಾಕದಿರಬಹುದು. ಜಾಮೀನಾಗಿ ಒಂದು ತಿಂಗಳಾದರೂ ಶೂರಿಟಿ ಕೊಡಲಾಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ನೋಡಬಹುದು. ನಾನು ತಿಂಗಳು ಕಾಯಲಿಲ್ಲ ಅಷ್ಟೆ.

ವಾದ ಹತ್ತು ನಿಮಿಷವೂ ಆಗಲಿಲ್ಲ. ತೀರ್ಪುಗಳಿಗಿಂತ ಜಾಸ್ತಿ ಕೆಲಸ ಮಾಡಿದ್ದು ತೋಟದ ಹಾಜರಿ ಪುಸ್ತಕದ ಪ್ರತಿ ಅಂತ ಈಗಲೂ ನನಗನ್ನಿಸುತ್ತದೆ. ಮೂರು ವರ್ಷದಿಂದ ಅವನು ಇದೇ ಲೈನಲ್ಲಿ ಇದ್ದಾನೆ, ಓಡಿಹೋಗುವವನಲ್ಲ ಎಂದು ಅದರಿಂದ ತೋರಿಸಬಹುದಿತ್ತು. ಆ ಪ್ರತಿ ಸಿಕ್ಕಿದ್ದು ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ. ತೋಟದವರೇ ಕೊಟ್ಟ ದೂರು, ಆದರೂ ಆ ಮನುಷ್ಯ ಕೇಳಿದ ತಕ್ಷಣ ಕೊಟ್ಟರು. ಸ್ವಂತ ಮುಚ್ಚಳಿಕೆ, ಐದು ಸಾವಿರ ನಗದು, ವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ ಎಂದು ಆರ್ಡರ್ ತಿದ್ದುಪಡಿಯಾಯಿತು. ಆ ಐದು ಸಾವಿರವನ್ನು ಲೈನ್ ಮನೆಯವರು ನೂರು, ಇನ್ನೂರು ಅಂತ ಕೂಡಿಸಿದರು. ಮೇಸ್ತ್ರಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟು, "ರಸೀದಿ ಕೊಡ್ತಾರಲ್ವಾ ಸಾರ್?" ಎಂದು ಎರಡು ಸಲ ಕೇಳಿದರು.

ಕೇಸು ಇನ್ನೂ ನಡೆಯುತ್ತಿದೆ. ಪಂಚರನ್ನು, ಅಂದರೆ ಪೊಲೀಸರ ಮಹಜರಿಗೆ ಸಾಕ್ಷಿಯಾದವರನ್ನು, ನಾನು ಪಾಟಿ ಸವಾಲು ಮಾಡುವುದು ಬಾಕಿಯಿದೆ. ಪ್ರತಿ ವಾಯಿದೆಯ ಹಿಂದಿನ ಸಂಜೆ, ತೋಟದ ಕೆಲಸ ಬಿಟ್ಟ ಮೇಲೆ, ಆ ಹುಡುಗ ಫೋನ್ ಮಾಡುತ್ತಾನೆ. "ಸಾರ್, ನಾಳೆ ಬರೋದಾ?" ಬಾ ಅನ್ನುತ್ತೇನೆ. ನಾನು ಕೋರ್ಟಿಗೆ ಹೋಗುವಷ್ಟರಲ್ಲಿ ಅವನು ಬಂದು ಬಾಗಿಲ ಹತ್ತಿರ ನಿಂತಿರುತ್ತಾನೆ.