ಕೀವು ಕಂಡರೆಲ್ಲ ಸೋಂಕಲ್ಲ: ಪೆಂಫಿಗಸ್ ಪತ್ತೆ ಹಚ್ಚುವುದು ಹೇಗೆ?

ಬಾಯಿಹುಣ್ಣು ಎಂದು ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ್ದಾಯಿತು, ಫಂಗಸ್ ಇರಬಹುದೆಂದು ಮುಲಾಮು ಹಚ್ಚಿದ್ದಾಯಿತು. ಎರಡು ತಿಂಗಳಾದರೂ ಹುಣ್ಣು ಮಾಯುವುದಿಲ್ಲ. ಅಷ್ಟರಲ್ಲಿ ಎದೆ, ಬೆನ್ನಿನ ಮೇಲೆ ನೀರುಗುಳ್ಳೆ ಏಳುತ್ತವೆ. ಸರ್ಪಸುತ್ತೆಂದು ಕೆಮ್ಮಣ್ಣು ಬಳಿಯುತ್ತಾರೆ. ಪೆಂಫಿಗಸ್ ವಲ್ಗ್ಯಾರಿಸ್ ಎಷ್ಟೋ ಜನರಲ್ಲಿ ಶುರುವಾಗುವುದು ಹೀಗೆ.

ಇದು ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಚರ್ಮದ ಕೋಶಗಳನ್ನು ಒಂದಕ್ಕೊಂದು ಬೆಸೆದಿಡುವ ಡೆಸ್ಮೋಗ್ಲೀನ್ ಎಂಬ ಪ್ರೋಟೀನಿನ ವಿರುದ್ಧ ನಮ್ಮ ದೇಹವೇ ಪ್ರತಿಕಾಯ (ಆಂಟಿಬಾಡಿ) ತಯಾರಿಸುತ್ತದೆ. ಗಾರೆ ಉದುರಿದ ಇಟ್ಟಿಗೆಗಳಂತೆ ಕೋಶಗಳು ಬಿಡಿಬಿಡಿಯಾಗಿ, ನಡುವೆ ನೀರು ತುಂಬುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಇಂಪೆಟಿಗೊ ಸೋಂಕಿನ ಗುಳ್ಳೆಯಲ್ಲೂ ಬ್ಯಾಕ್ಟೀರಿಯಾದ ವಿಷ ಕತ್ತರಿಸುವುದು ಡೆಸ್ಮೋಗ್ಲೀನ್-1 ಎಂಬ ಬಗೆಯನ್ನೇ. ಪೆಂಫಿಗಸ್‌ನ ಇನ್ನೊಂದು ಬಗೆಯಾದ ಫೋಲಿಯೇಸಿಯಸ್‌ನಲ್ಲಿ ಪ್ರತಿಕಾಯಗಳ ಗುರಿಯೂ ಅದೇ. ಪೆಟ್ಟು ಬೀಳುವ ಜಾಗ ಒಂದೇ ಆದ್ದರಿಂದ ಬರಿಗಣ್ಣಿಗೆ ಎರಡೂ ಒಂದೇ ತರಹ ಕಾಣುತ್ತವೆ.

ಹಂತ 1: ಕೇಳುವುದು, ನೋಡುವುದು. ಸರ್ಪಸುತ್ತು ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಹಬ್ಬುತ್ತದೆ, ಸಾಮಾನ್ಯವಾಗಿ ಮೂರ್ನಾಲ್ಕು ವಾರದಲ್ಲಿ ಮಾಯುತ್ತದೆ. ಪೆಂಫಿಗಸ್ ಎರಡೂ ಪಕ್ಕ ಬರುತ್ತದೆ. ಗುಳ್ಳೆ ಸಡಿಲ, ಬೇಗ ಒಡೆಯುತ್ತದೆ, ಹಸಿಗಾಯ ಅಂಚಿನಿಂದ ಅಗಲವಾಗುತ್ತ ಹೋಗುತ್ತದೆ. ವಯಸ್ಸಾದವರಲ್ಲಿ ತಿಂಗಳುಗಟ್ಟಲೆ ತುರಿಕೆಯಿದ್ದು, ಕಜ್ಜಿಯ ಔಷಧಕ್ಕೂ ಬಗ್ಗದೆ, ಆಮೇಲೆ ಬಿಗಿಯಾದ ಗುಳ್ಳೆ ಬಂದರೆ ಪೆಂಫಿಗಸ್‌ನ ಸೋದರ ಕಾಯಿಲೆ ಪೆಂಫಿಗಾಯ್ಡ್ ನೆನಪಾಗಬೇಕು. ಸಕ್ಕರೆ ಕಾಯಿಲೆಗೆ ಕೊಡುವ ವಿಲ್ಡಾಗ್ಲಿಪ್ಟಿನ್‌ನಂಥ ಮಾತ್ರೆಯೂ ಇದಕ್ಕೆ ಕಾರಣವಾಗಬಹುದು. ಆದ್ದರಿಂದ ನುಂಗುವ ಮಾತ್ರೆಗಳ ಪಟ್ಟಿಯನ್ನೂ ಹಚ್ಚಿದ ಟ್ಯೂಬುಗಳನ್ನೂ ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಹಂತ 2: ಒತ್ತಿ ನೋಡುವುದು. ಗುಳ್ಳೆಯ ಪಕ್ಕದ ಚರ್ಮವನ್ನು ವೈದ್ಯರು ಹೆಬ್ಬೆರಳಿನಿಂದ ಒತ್ತಿ ಜರುಗಿಸುತ್ತಾರೆ. ಮೇಲ್ಪದರ ಜಾರಿ ಬಂದರೆ ಅದು ನಿಕೋಲ್‌ಸ್ಕಿ ಚಿಹ್ನೆ. ಔಷಧದ ತೀವ್ರ ಅಲರ್ಜಿಯಲ್ಲೂ ಹೀಗಾಗುವುದರಿಂದ ಇದೊಂದನ್ನೇ ನಂಬಿ ಕೂರುವಂತಿಲ್ಲ. ಮನೆಯಲ್ಲಂತೂ ಪ್ರಯತ್ನಿಸಬೇಡಿ.

ಹಂತ 3: ಗಾಜಿನ ಪಟ್ಟಿಯ ಪರೀಕ್ಷೆ. ಹೊಸ ಗುಳ್ಳೆಯ ಮೇಲ್ಪೊರೆ ಸರಿಸಿ, ತಳವನ್ನು ಮೃದುವಾಗಿ ಕೆರೆದು, ಸ್ಲೈಡಿಗೆ ಬಳಿದು, ಬಣ್ಣ ಹಾಕಿ ನೋಡುವುದು ಜ಼ಾಂಕ್ ಪರೀಕ್ಷೆ. ಹಲವು ಕೋಶಕೇಂದ್ರಗಳ ದೈತ್ಯಕೋಶ ಕಂಡರೆ ಹರ್ಪಿಸ್ ಗುಂಪಿನ ವೈರಸ್. ದೊಡ್ಡ ಕೋಶಕೇಂದ್ರದ ದುಂಡನೆಯ ಒಂಟಿ ಕೋಶಗಳು ಕಂಡರೆ ಪೆಂಫಿಗಸ್ ಶಂಕೆ. ಫಂಗಸ್ ಇದೆಯೇ ಎಂದು ತಿಳಿಯಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಪರೀಕ್ಷೆ.

ಹೆಚ್ಚಿನವರು ಎಡವುವುದು ಇಲ್ಲಿ. ಕೀವಿನ ಕಲ್ಚರ್‌ನಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಿತೆಂದರೆ ಸೋಂಕು ಇರಬಹುದು, ಆದರೆ ಗುಳ್ಳೆಗೆ ಅದೇ ಮೂಲವಾಗಬೇಕಿಲ್ಲ. ಪೆಂಫಿಗಸ್‌ನ ಹಸಿಗಾಯದ ಮೇಲೆ ಬ್ಯಾಕ್ಟೀರಿಯಾ, ಹರ್ಪಿಸ್, ಕ್ಯಾಂಡಿಡಾ ಯಾವುದು ಬೇಕಾದರೂ ಕೂರುತ್ತದೆ. ಆಂಟಿಬಯಾಟಿಕ್ ಕೊಟ್ಟಾಗ ಕೀವು ಇಳಿದು ಒಂದಿಷ್ಟು ಗುಣ ಕಾಣುತ್ತದೆ, ಆದರೆ ಹೊಸ ಗುಳ್ಳೆಗಳು ನಿಲ್ಲುವುದಿಲ್ಲ. ಒಂದು ಕೋರ್ಸ್ ಮುಗಿದ ಮೇಲೂ ಗುಳ್ಳೆ ಬರುತ್ತಿದ್ದರೆ, ಇನ್ನೊಂದು ಆಂಟಿಬಯಾಟಿಕ್ ಬರೆಸಿಕೊಳ್ಳುವ ಬದಲು ಬಯಾಪ್ಸಿ (ಚರ್ಮದ ಚೂರು ತೆಗೆದು ಪರೀಕ್ಷಿಸುವುದು) ಕೇಳಿ.

ಹಂತ 4: ಎರಡು ಚೂರು, ಎರಡು ಸೀಸೆ. ಚರ್ಮದ ಚೂರು ಕೊರೆದು ತೆಗೆಯಲು ಸಾಮಾನ್ಯವಾಗಿ 4 ಮಿಲಿಮೀಟರ್ ಪಂಚ್ ಸಾಕು. ಮೊದಲ ಚೂರು ಸಾಧ್ಯವಾದಷ್ಟು ಹೊಸ ಗುಳ್ಳೆಯ ಅಂಚಿನದು, ಅದು ಫಾರ್ಮಲಿನ್ ಎಂಬ ಸಂರಕ್ಷಕ ದ್ರಾವಣಕ್ಕೆ. ಹಳೆಯ ಗುಳ್ಳೆ ತೆಗೆದರೆ ತಳದಲ್ಲಿ ಚರ್ಮ ಮತ್ತೆ ಬೆಳೆಯಲು ಶುರುವಾಗಿ ಸೀಳು ಎಲ್ಲಿತ್ತೆಂಬುದೇ ಗೊತ್ತಾಗದು. ಎರಡನೆಯದನ್ನು ಗುಳ್ಳೆಯಿಂದ 1 ಸೆಂಟಿಮೀಟರ್ ಒಳಗೆ, ನೋಡಲು ಚೆನ್ನಾಗಿಯೇ ಇರುವ ಚರ್ಮದಿಂದ ತೆಗೆಯಬೇಕು. ಇದು ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಗೆ, ಅಂದರೆ ಚರ್ಮದಲ್ಲಿ ಕೂತ ಪ್ರತಿಕಾಯಗಳನ್ನು ಹೊಳೆಯುವ ಬಣ್ಣದಿಂದ ಗುರುತಿಸಲು. ಇದನ್ನು ಫಾರ್ಮಲಿನ್‌ಗೆ ಹಾಕಿದರೆ ಕೆಟ್ಟಂತೆಯೇ: ಮಿಷೆಲ್ ದ್ರಾವಣ ಬೇಕು. ಅದಿಲ್ಲದಿದ್ದರೆ ಸಲೈನ್‌ನಲ್ಲಿಟ್ಟು 24 ಗಂಟೆಯೊಳಗೆ ಲ್ಯಾಬ್ ಮುಟ್ಟಿಸಬೇಕು. ಸೀಸೆಗಳ ಮೇಲೆ ಎ, ಬಿ ಎಂದಷ್ಟೇ ಬರೆಯದೆ, ಒಳಗಿನ ದ್ರಾವಣದ ಹೆಸರನ್ನೂ ಬರೆಯುವುದು ಕ್ಷೇಮ.

ಪೆಂಫಿಗಸ್ ಆಗಿದ್ದರೆ ಈ ಎರಡನೆಯ ಚೂರಿನಲ್ಲಿ ಕೋಶಗಳ ಸುತ್ತ ಹಸಿರು ಹೊಳಪು ಮೀನಿನ ಬಲೆಯಂತೆ ಹರಡಿರುತ್ತದೆ. ಪೆಂಫಿಗಾಯ್ಡ್‌ನಲ್ಲಿ ಮೇಲ್ಪದರದ ತಳದುದ್ದಕ್ಕೆ ಒಂದೇ ಗೆರೆ.

ಹಂತ 5: ರಕ್ತ. ಎಲೈಸಾ ಎಂಬ ರಕ್ತಪರೀಕ್ಷೆಯಲ್ಲಿ ಡೆಸ್ಮೋಗ್ಲೀನ್ 1 ಮತ್ತು 3ರ ಪ್ರತಿಕಾಯ ಅಳೆಯುತ್ತಾರೆ. ಬಾಯಿಗಷ್ಟೇ ಬಂದಿದ್ದರೆ ಹೆಚ್ಚಾಗಿ 3 ಮಾತ್ರ ಏರಿರುತ್ತದೆ. ಚಿಕಿತ್ಸೆಗೆಂದು ಸ್ಟೀರಾಯ್ಡ್ ಆರಂಭಿಸುವ ಮುನ್ನ ಸಕ್ಕರೆ, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಕ್ಷಯದ ತಪಾಸಣೆಯೂ ಆಗಬೇಕು.

ವರದಿ ಬರುವ ತನಕ ಗಾಯಕ್ಕೆ ಅಂಟುವ ಪ್ಲಾಸ್ಟರ್ ಬೇಡ; ಕೀಳುವಾಗ ಚರ್ಮವೂ ಕಿತ್ತುಬರುತ್ತದೆ. ಆಸ್ಪತ್ರೆಗಳಲ್ಲಿ ಹಬೆಯಲ್ಲಿ ಶುದ್ಧಗೊಳಿಸಿದ ಬಾಳೆ ಎಲೆಯ ಮೇಲೆ ರೋಗಿಯನ್ನು ಮಲಗಿಸುವುದುಂಟು, ಅದು ಹಸಿಗಾಯಕ್ಕೆ ಕಚ್ಚಿಕೊಳ್ಳುವುದಿಲ್ಲ. ಜ್ವರ ಬಂದರೆ, ನೀರು ನುಂಗಲೂ ಆಗದಿದ್ದರೆ ಅಥವಾ ಗಾಯ ದಿನದಿನಕ್ಕೆ ಹಬ್ಬುತ್ತಿದ್ದರೆ ವರದಿಗೆ ಕಾಯದೆ ಅಂದೇ ದಾಖಲಾಗಿ.