ಹೀಟರ್ ಏರಿಸುವ ಮುಂಚೆ ಮನೆಯ ಸಂದುಗಳನ್ನು ನೋಡಿ

ಚಳಿ ಬಿದ್ದ ಮೊದಲ ದಿನ ಬಹಳ ಮನೆಗಳಲ್ಲಿ ನಡೆಯುವುದು ಒಂದೇ. ಸೀದಾ ಹೋಗಿ ಮನೆಯ ಬಿಸಿ ಎಷ್ಟಿರಬೇಕು ಅಂತ ಗೊತ್ತುಮಾಡುವ ಥರ್ಮೋಸ್ಟಾಟ್ ಏರಿಸುತ್ತಾರೆ. ಆಮೇಲೂ ಕಾಲು ತಣ್ಣಗೇ ಇರುತ್ತದೆ, ಇನ್ನೂ ಏರಿಸುತ್ತಾರೆ. ತಿಂಗಳ ಕೊನೆಗೆ ಬಿಲ್ ನೋಡಿ ಎದೆ ಧಸಕ್ಕೆನ್ನುತ್ತದೆ. ಹಿಮ ಬೀಳುವ ಕಡೆ ಎಷ್ಟೋ ಚಳಿಗಾಲ ಮನೆ ನಡೆಸಿದವಳು ನಾನು. ಹೊಸದಾಗಿ ಸಂಸಾರ ಹೂಡಿದವರಿಗೆ ಹೇಳುವುದು ಇಷ್ಟೇ. ಇರುವ ಕಾವನ್ನು ಹೊರಗೆ ಹೋಗದಂತೆ ಹಿಡಿದಿಡುವುದು ಮೊದಲ ಕೆಲಸ. ಬಿಸಿ ಮಾಡುವುದು ಆಮೇಲೆ.

ಬಿಸಿ ಗಾಳಿ ಹಗುರ, ಮೇಲಕ್ಕೇ ಏರುತ್ತದೆ. ಅಟ್ಟದ ಬಾಗಿಲು, ಚಾವಣಿಯಲ್ಲಿ ದೀಪ ಕೂರಿಸಿದ ತೂತು, ಪೈಪು ವೈರು ಹಾದುಹೋದ ಸಂದು, ಹೀಗೆ ಸಿಕ್ಕ ದಾರಿಯಲ್ಲಿ ಹೊರಗೆ ಹೋಗುತ್ತದೆ. ಎಷ್ಟು ಹೋಯಿತೋ ಅಷ್ಟು ತಣ್ಣನೆ ಗಾಳಿ ಕೆಳಗಿನಿಂದ ಒಳಗೆ ಬರಲೇಬೇಕು. ಹೊಸಿಲ ಕೆಳಗಿನಿಂದ, ನೆಲಮಾಳಿಗೆಯಿಂದ ಬಂದು ಕಾಲಿಗೆ ಸೋಕುವುದು ಅದೇ. ಹಾಗಾಗಿ ಕೆಳಗೆ ಕೊರೆಯುತ್ತದೆ ಅಂತ ಬರೀ ಬಾಗಿಲ ಸಂದು ಮುಚ್ಚಿದರೆ ಅರ್ಧ ಕೆಲಸ ಅಷ್ಟೇ. ಮೇಲಿನದನ್ನೂ ಮುಚ್ಚಬೇಕು. ನನ್ನ ಕೇಳಿದರೆ ಮೇಲಿನದೇ ಮೊದಲು. ಅಟ್ಟದ ಮುಚ್ಚಳ ಹೆಚ್ಚಾಗಿ ತೆಳು ಹಲಗೆಯದು. ಅದರ ಸುತ್ತ ಫೋಮ್ ಪಟ್ಟಿ ಅಂಟಿಸಿ, ಬೆನ್ನಿಗೆ ದಪ್ಪ ಇನ್ಸುಲೇಷನ್ ಹಲಗೆ ಕೂರಿಸಿದರೆ ಒಂದು ಮಧ್ಯಾಹ್ನದ ಕೆಲಸ. ಹಿಮ ಬಿದ್ದ ಮಾರನೇ ದಿನ ಹೊರಗೆ ನಿಂತು ನಿಮ್ಮ ಚಾವಣಿ ನೋಡಿ. ಎಲ್ಲ ಕಡೆ ಹಿಮ ನಿಂತಿದ್ದು ಒಂದೆರಡು ಕಡೆ ಮಾತ್ರ ಕರಗಿದ್ದರೆ, ಅಲ್ಲಿಂದಲೇ ನಿಮ್ಮ ಕಾವು ಸೋರುತ್ತಿರಬಹುದು.

ಸಂದು ಹುಡುಕಲು ದೊಡ್ಡ ಉಪಕರಣ ಏನೂ ಬೇಡ. ಒಂದು ಊದುಬತ್ತಿ ಸಾಕು. ಹೊರಗೆ ಗಾಳಿ ಜೋರಾಗಿರುವ ದಿನ ನೋಡಿಕೊಳ್ಳಿ. ಕಿಟಕಿ ಬಾಗಿಲು ಎಲ್ಲ ಭದ್ರವಾಗಿ ಹಾಕಿ. ಹೀಟರ್ ಮತ್ತು ಫ್ಯಾನ್‌ಗಳನ್ನು ನಿಲ್ಲಿಸಿ, ಒಳಗಿನ ಗಾಳಿ ಅಲುಗಾಡಬಾರದು. ಊದುಬತ್ತಿ ಹಚ್ಚಿ ಕಿಟಕಿ ಚೌಕಟ್ಟಿನ ಅಂಚಿನಲ್ಲಿ ನಿಧಾನವಾಗಿ ಸಾಗಿಸಿ. ಹೊಗೆ ನೇರ ಮೇಲೆ ಹೋದರೆ ಆ ಜಾಗ ಸರಿಯಿದೆ. ಹೊಗೆ ಒಮ್ಮೆಲೇ ಅಡ್ಡಕ್ಕೆ ಬಾಗಿದರೆ ಅಥವಾ ಸಂದಿಯೊಳಗೆ ಎಳೆದುಕೊಂಡು ಹೋದರೆ ಅಲ್ಲೊಂದು ಸೀಮೆಸುಣ್ಣದ ಗುರುತು ಹಾಕಿ. ಗೋಡೆ ಮತ್ತು ನೆಲ ಸೇರುವ ಪಟ್ಟಿ, ಸಿಂಕ್ ಕೆಳಗೆ ಪೈಪ್ ಗೋಡೆಗೆ ಹೋಗುವ ಜಾಗ, ಹೊರಗೋಡೆಯಲ್ಲಿರುವ ಸ್ವಿಚ್ ಮತ್ತು ಸಾಕೆಟ್‌ಗಳು, ಇವನ್ನು ಬಿಡಬೇಡಿ. ಪರದೆಯ ಹತ್ತಿರ ಮಾತ್ರ ಜೋಪಾನ, ಪಕ್ಕಕ್ಕೆ ಕಟ್ಟಿಕೊಂಡೇ ನೋಡಿ.

ಅಲುಗಾಡದ ಸಂದಿಗೆ ಟ್ಯೂಬಿನಲ್ಲಿ ಬರುವ ಸೀಲೆಂಟ್ ತುಂಬಿ. ತೆಗೆದು ಹಾಕುವ ಬಾಗಿಲು ಕಿಟಕಿಗೆ ರಬ್ಬರ್ ಅಥವಾ ಫೋಮ್ ಪಟ್ಟಿ. ಬಾಗಿಲ ಅಡಿಗೆ ಬ್ರಷ್ ಪಟ್ಟಿ. ಅದೂ ಇಲ್ಲದಿದ್ದರೆ ಹಳೇ ಬಟ್ಟೆ ಸುತ್ತಿ ಉದ್ದನೆ ದಿಂಬು ಹೊಲಿದು ಇಟ್ಟರೂ ನಡೆಯುತ್ತದೆ. ಸಾಕೆಟ್‌ಗೆ ಅದರ ಅಳತೆಯ ಫೋಮ್ ಹಾಳೆ ಸಿಗುತ್ತದೆ. ಮೇನ್ ಆಫ್ ಮಾಡಿ, ಮೇಲಿನ ಪ್ಲೇಟ್ ಬಿಚ್ಚಿ, ಹಿಂದೆ ಇಟ್ಟು ಮತ್ತೆ ಕೂರಿಸಿದರೆ ಆಯಿತು. ಒಂದು ಮಾತು ನೆನಪಿಡಿ. ನೀರು ಕಾಯಿಸಿ ಮನೆ ಬಿಸಿ ಮಾಡುವ ಗ್ಯಾಸ್ ಬಾಯ್ಲರ್, ಒಲೆ ಇರುವ ಕೋಣೆಯಲ್ಲಿ ಗಾಳಿಗೆಂದೇ ಬಿಟ್ಟ ಜಾಲರಿ ಇರುತ್ತದೆ. ಅದನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಹೊಗೆ ಕೊಳವೆಯ ಸುತ್ತಲಿನ ಸಂದಿಗೂ ನೀವಾಗಿಯೇ ಫೋಮ್ ತುಂಬಬೇಡಿ, ಅಲ್ಲಿ ಬೆಂಕಿಗೆ ತಡೆಯುವ ವಸ್ತುವೇ ಬೇಕು. ತಿಳಿದವರನ್ನು ಕರೆಸಿ.

ಬೆಂಕಿಗೂಡು ಇರುವ ಮನೆಯಾದರೆ, ಬೂದಿ ಪೂರ್ತಿ ತಣ್ಣಗಾದ ಮೇಲೆ ಚಿಮಣಿಯ ಮುಚ್ಚಳ ಹಾಕುವುದನ್ನು ಮರೆಯಬೇಡಿ. ತೆರೆದ ಚಿಮಣಿ ಅಂದರೆ ಇಡೀ ರಾತ್ರಿ ಕಿಟಕಿ ತೆರೆದಿಟ್ಟ ಲೆಕ್ಕವೇ.

ಈಗ ಕಿಟಕಿಯ ವಿಷಯ. ಕೋಣೆಯ ಗಾಳಿ 21 ಡಿಗ್ರಿ ಇದ್ದರೂ ಕಿಟಕಿ ಪಕ್ಕ ಕೂತವರಿಗೆ ಮೈ ನಡುಗುತ್ತದೆ. ಯಾಕೆ ಗೊತ್ತಾ? ನಮ್ಮ ಮೈಯ ಬಿಸಿ ಸುತ್ತಲಿನ ಗಾಳಿಗೆ ಮಾತ್ರ ಹೋಗುವುದಿಲ್ಲ, ಎದುರಿಗಿರುವ ತಣ್ಣನೆ ಗಾಜಿಗೂ ಗೋಡೆಗೂ ನೇರವಾಗಿ ಹರಿಯುತ್ತದೆ. ಥರ್ಮೋಸ್ಟಾಟ್‌ಗೆ ಅದು ಕಾಣುವುದಿಲ್ಲ. ಹಾಗಾಗಿ ಕೂರುವ ಕುರ್ಚಿ, ಮಲಗುವ ಮಂಚ ಇವನ್ನು ಹೊರಗೋಡೆಯಿಂದ ಒಳಗೋಡೆ ಕಡೆಗೆ ಸರಿಸಿ. ಖರ್ಚೇ ಇಲ್ಲದ ಕೆಲಸ, ಆದರೆ ಥರ್ಮೋಸ್ಟಾಟ್ ಒಂದು ಡಿಗ್ರಿ ಏರಿಸಿದಷ್ಟು ಹಿತ ಕೊಡುತ್ತದೆ. ನೆಲಕ್ಕೆ ದಪ್ಪ ಜಮಖಾನ ಹಾಸಿದರೂ ಹಾಗೆಯೇ. ಒಂದೇ ಗಾಜಿನ ಹಳೇ ಕಿಟಕಿಗೆ ಒಳಗಿನಿಂದ ಅಂಟಿಸುವ ಪ್ಲಾಸ್ಟಿಕ್ ಹಾಳೆ ಬರುತ್ತದೆ. ಚೌಕಟ್ಟಿಗೆ ಅಂಟಿಸಿ, ಕೂದಲು ಒಣಗಿಸುವ ಡ್ರೈಯರ್ ಹಿಡಿದರೆ ಸುಕ್ಕು ಬಿಟ್ಟು ಬಿಗಿಯಾಗುತ್ತದೆ. ಗಾಜಿಗೂ ಹಾಳೆಗೂ ನಡುವೆ ನಿಂತ ಗಾಳಿ ಚಳಿಯನ್ನು ತಡೆಯುತ್ತದೆ. ಹಗಲು ಬಿಸಿಲು ಬೀಳುವ ಕಡೆ ಪರದೆ ಪೂರ್ತಿ ಸರಿಸಿಡಿ, ಕತ್ತಲಾಗುತ್ತಿದ್ದಂತೆ ಎಳೆದುಬಿಡಿ. ಕಿಟಕಿ ಕೆಳಗೆ ಬಿಸಿನೀರು ಹರಿದು ಕಾವು ಕೊಡುವ ರೇಡಿಯೇಟರ್ ಇದ್ದರೆ ಪರದೆ ಅದರ ಮೇಲೆ ಇಳಿಬಿದ್ದಿರಬಾರದು. ಬಿದ್ದಿದ್ದರೆ ಕಾವೆಲ್ಲ ಪರದೆಯ ಹಿಂದೆ ಗಾಜಿಗೆ ಹೋಗುತ್ತದೆ, ಕೋಣೆಗೆ ಏನೂ ಬರುವುದಿಲ್ಲ.

ಥರ್ಮೋಸ್ಟಾಟ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. 28ಕ್ಕೆ ಇಟ್ಟರೆ ಮನೆ ಬೇಗ ಬಿಸಿಯಾಗುತ್ತದೆ ಅಂತ. ಸಾಮಾನ್ಯ ಬಾಯ್ಲರ್, ಬಿಸಿ ಗಾಳಿ ಊದುವ ಫರ್ನೇಸ್‌ಗಳಲ್ಲಿ ಹಾಗಾಗುವುದಿಲ್ಲ. ಅದು ತನ್ನ ವೇಗದಲ್ಲೇ ಓಡುತ್ತದೆ, ನೀವು ಮರೆತರೆ 20ರಲ್ಲಿ ನಿಲ್ಲಬೇಕಾದದ್ದು 28ರ ತನಕ ಸುಮ್ನೆ ಉರಿಯುತ್ತದೆ. ಎದ್ದು ಓಡಾಡುವ ಹೊತ್ತಿಗೆ 20 ಡಿಗ್ರಿ ಆಸುಪಾಸು ಸಾಕು. ಹೊದ್ದು ಮಲಗುವಾಗ, ಮನೆಯಲ್ಲಿ ಯಾರೂ ಇಲ್ಲದಾಗ ಇಳಿಸಿ. ದಿನಕ್ಕೆ 8 ಗಂಟೆ ಹೊತ್ತು 4ರಿಂದ 6 ಡಿಗ್ರಿ ಇಳಿಸಿಟ್ಟರೆ ವರ್ಷದ ಖರ್ಚಿನಲ್ಲಿ ಶೇ. 10ರವರೆಗೂ ಉಳಿಯಬಹುದು ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಆದರೆ ಮನೆಯಲ್ಲಿ ಹೊರಗಿನ ಗಾಳಿಯ ಬಿಸಿಯನ್ನು ಒಳಗೆ ಎಳೆದು ತರುವ ಹೀಟ್ ಪಂಪ್ ಇದ್ದರೆ ಈ ಲೆಕ್ಕ ಬೇರೆ. ತುಂಬಾ ಇಳಿಸಿ ಬೆಳಿಗ್ಗೆ ಒಮ್ಮೆಲೇ ಏರಿಸಿದರೆ, ಅದರೊಳಗಿನ ಸಹಾಯಕ ಕರೆಂಟ್ ಕಾಯಿಲ್ ಹತ್ತಿಕೊಳ್ಳುತ್ತದೆ. ಅದು ಕುಡಿಯುವ ಕರೆಂಟ್ ಜಾಸ್ತಿ. ರಾತ್ರಿ ಉಳಿಸಿದ್ದು ಬೆಳಿಗ್ಗೆ ಹೋಗಿಬಿಡುತ್ತದೆ. ಹೀಟ್ ಪಂಪ್ ಇರುವವರು ಒಂದೆರಡು ಡಿಗ್ರಿಗಿಂತ ಜಾಸ್ತಿ ಆಡಿಸದೆ ಒಂದೇ ಹದದಲ್ಲಿ ಬಿಡುವುದು ಒಳ್ಳೆಯದು.

ಬಿಸಿ ಗಾಳಿ ಊದುವ ಫರ್ನೇಸ್ ಇರುವವರಿಗೆ ಫಿಲ್ಟರೇ ಮುಖ್ಯ. ತಿಂಗಳಿಗೊಮ್ಮೆ ಹೊರಗೆಳೆದು ದೀಪಕ್ಕೆ ಹಿಡಿದು ನೋಡಿ. ಬೆಳಕು ಕಾಣದಷ್ಟು ಧೂಳು ಹಿಡಿದಿದ್ದರೆ ಬದಲಾಯಿಸಿ. ಹೊಸದನ್ನು ಹಾಕುವಾಗ ಅದರ ಮೇಲಿನ ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗೇ ಇರಲಿ. ಬಳಸದ ಕೋಣೆಗಳ ಗಾಳಿ ಕಿಂಡಿ ಮುಚ್ಚಿದರೆ ಉಳಿತಾಯ ಅಂತ ಕೆಲವರು ಎಲ್ಲ ಮುಚ್ಚಿಬಿಡುತ್ತಾರೆ. ಬೇಡ. ಕೊಳವೆಯೊಳಗೆ ಒತ್ತಡ ಹೆಚ್ಚಿ ಅದರ ಸಂದುಗಳಿಂದಲೇ ಗಾಳಿ ಸೋರುತ್ತದೆ, ಯಂತ್ರಕ್ಕೂ ಭಾರ.

ರೇಡಿಯೇಟರ್ ಇರುವವರು ಅದರ ಮೈ ಮುಟ್ಟಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಕೆಳಗೆ ಬಿಸಿ, ಮೇಲೆ ತಣ್ಣಗೆ ಅಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಅದನ್ನು ಬಿಡಿಸುವುದು ಸುಲಭ. ಹೀಟಿಂಗ್ ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಮೇಲಿನ ತುದಿಯಲ್ಲಿ ಚಿಕ್ಕ ಚೌಕದ ಮೊಳೆಯಂಥದ್ದು ಇರುತ್ತದೆ, ಅದಕ್ಕೆಂದೇ ಒಂದು ಕೀಲಿಯೂ ಸಿಗುತ್ತದೆ. ಕೆಳಗೆ ಒಂದು ಬಟ್ಟೆ ಹಿಡಿದುಕೊಂಡು ಕೀಲಿಯನ್ನು ಕಾಲು ಸುತ್ತು ಎಡಕ್ಕೆ ತಿರುಗಿಸಿ. ಬುಸ್ ಅಂತ ಗಾಳಿ ಬರುತ್ತದೆ. ಆಮೇಲೆ ಚಿರ್ ಚಿರ್ ಅಂತ ಗಾಳಿ ನೀರು ಬೆರೆತು ಬರುತ್ತದೆ, ಆ ನೀರು ಕಪ್ಪಗಿದ್ದರೆ ಗಾಬರಿ ಬೇಡ. ಸಣ್ಣ ಧಾರೆ ಒಂದೇ ಸಮ ಬರತೊಡಗಿದಾಗ ಬಿಗಿ ಮಾಡಿ, ಜೋರು ಹಾಕಬೇಡಿ. ಎಲ್ಲ ಮುಗಿದ ಮೇಲೆ ಬಾಯ್ಲರ್‌ನ ಒತ್ತಡ ನೋಡಿ. ತಣ್ಣಗಿರುವಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು, ಇಳಿದಿದ್ದರೆ ಯಂತ್ರದ ಪುಸ್ತಕದಲ್ಲಿ ಹೇಳಿದಂತೆ ನೀರು ತುಂಬಿಸಿ. ಸೋಫಾವನ್ನು ರೇಡಿಯೇಟರ್‌ಗೆ ಒತ್ತಿ ಇಡಬೇಡಿ. ನಿಮ್ಮದು ಈಗಿನ ಕಂಡೆನ್ಸಿಂಗ್ ಬಾಯ್ಲರ್ ಆದರೆ, ರೇಡಿಯೇಟರ್‌ಗೆ ಹೋಗುವ ನೀರಿನ ಬಿಸಿಯನ್ನು 75, 80ರಿಂದ 60ರ ಹತ್ತಿರಕ್ಕೆ ಇಳಿಸಿ ನೋಡಿ. ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಬಾಯ್ಲರ್ ಹೊಗೆಯೊಳಗಿನ ಆವಿಯ ಬಿಸಿಯನ್ನೂ ಹಿಡಿದುಕೊಳ್ಳುತ್ತದೆ. ಮನೆ ಬಿಸಿಯಾಗಲು ಸ್ವಲ್ಪ ಹೊತ್ತು ಜಾಸ್ತಿ ಬೇಕು, ಗ್ಯಾಸ್ ಕಡಿಮೆ ಸಾಕು. ಆದರೆ ಸ್ನಾನದ ಬಿಸಿನೀರು ಟ್ಯಾಂಕಿನಲ್ಲಿ ನಿಲ್ಲುವಂತಿದ್ದರೆ, ಆ ಟ್ಯಾಂಕ್ 60ಕ್ಕಿಂತ ಕೆಳಗೆ ಬೇಡ. ಉಗುರುಬೆಚ್ಚನೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ತೇವದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮನೆಯ ಆರೋಗ್ಯ ಇರುವುದೇ ಇದರಲ್ಲಿ. ಸೊನ್ನೆ ಡಿಗ್ರಿಯ ಗಾಳಿ ಒಂದು ಘನ ಮೀಟರ್‌ಗೆ ಹೆಚ್ಚೆಂದರೆ ಸುಮಾರು 5 ಗ್ರಾಂ ನೀರಿನ ಆವಿ ಹಿಡಿಯುತ್ತದೆ. 20 ಡಿಗ್ರಿಯ ಗಾಳಿ ಸುಮಾರು 17 ಗ್ರಾಂ ಹಿಡಿಯಬಲ್ಲದು. ಹಾಗಾಗಿ ಹೊರಗಿನ ಗಾಳಿ ಒಳಗೆ ಬಂದು ಬಿಸಿಯಾದಾಗ ಅದರ ತೇವಾಂಶ ಶೇ. 30ಕ್ಕಿಂತ ಕೆಳಗಿಳಿಯುತ್ತದೆ. ತುಟಿ ಒಡೆಯುವುದು, ಗಂಟಲು ಕೆರೆಯುವುದು, ಮರದ ಬಾಗಿಲು ಬಿರುಕು ಬಿಡುವುದು ಎಲ್ಲ ಇದರಿಂದಲೇ. ಸಂದು ಜಾಸ್ತಿ ಇರುವ ಮನೆ ಜಾಸ್ತಿ ಒಣಗುತ್ತದೆ. ಸಂದು ಮುಚ್ಚಿದ ಮನೆಯಲ್ಲಿ ತೊಂದರೆ ತಿರುಗಾಮುರುಗಾ. ಅಡುಗೆ, ಸ್ನಾನ, ಒಳಗೇ ಹರವಿದ ಬಟ್ಟೆ, ನಮ್ಮ ಉಸಿರು, ಎಲ್ಲ ಸೇರಿ ತೇವ ಹೆಚ್ಚುತ್ತದೆ. ತಣ್ಣೀರು ತುಂಬಿದ ಸ್ಟೀಲ್ ಲೋಟ ಹೊರಗೆ ಬೆವರುವಂತೆ ಕಿಟಕಿ ಗಾಜು ಬೆವರುತ್ತದೆ. ಆ ನೀರು ಚೌಕಟ್ಟಿಗೆ ಇಳಿದು ಕಪ್ಪು ಬೂಷ್ಟು ಹಿಡಿಯುತ್ತದೆ. ಬೀರು ಹೊರಗೋಡೆಗೆ ಒತ್ತಿದ್ದರೆ ಅದರ ಬೆನ್ನಿಗೂ ಬರುತ್ತದೆ, ಒಂದು ಗೇಣಾದರೂ ಮುಂದೆ ಎಳೆದಿಡಿ.

ತೇವ ಅಳೆಯುವ ಚಿಕ್ಕ ಮೀಟರ್ ಒಂದು ಮನೆಯಲ್ಲಿರಲಿ. ಶೇ. 30ರಿಂದ 50ರ ಒಳಗಿದ್ದರೆ ಸರಿ. ಹೊರಗೆ ಚಳಿ ಹೆಚ್ಚಿದಷ್ಟೂ ಕೆಳಗಿನ ಅಂಕಿಯ ಕಡೆಗಿರಲಿ, ಇಲ್ಲದಿದ್ದರೆ ಗಾಜು ಒದ್ದೆಯಾಗುತ್ತದೆ. ಬೆಳಿಗ್ಗೆ ಗಾಜು ಒದ್ದೆಯಿದ್ದರೆ ಬಟ್ಟೆಯಲ್ಲಿ ಒರೆಸಿಬಿಡಿ. ಸ್ನಾನ ಆದ ಮೇಲೆ ಕಾಲು ಗಂಟೆ ಎಗ್ಸಾಸ್ಟ್ ಫ್ಯಾನ್ ಓಡಲಿ, ಬಾಗಿಲು ಹಾಕಿರಲಿ. ಪಾತ್ರೆಗೆ ಮುಚ್ಚಳ ಮುಚ್ಚಿ ಬೇಯಿಸಿ. ಕಿಟಕಿಯನ್ನು ಇಡೀ ದಿನ ಒಂದು ಬೆರಳು ಸಂದು ತೆರೆದಿಡುವುದಕ್ಕಿಂತ, ಎದುರುಬದುರು ಕಿಟಕಿಗಳನ್ನು ಪೂರ್ತಿ ತೆರೆದು 5ರಿಂದ 10 ನಿಮಿಷದಲ್ಲಿ ಮುಚ್ಚುವುದು ಎಷ್ಟೋ ಮೇಲು. ಗಾಳಿ ಬದಲಾಗುತ್ತದೆ, ಗೋಡೆ ಮತ್ತು ಸಾಮಾನಿನ ಕಾವು ಹಾಗೇ ಉಳಿಯುತ್ತದೆ. ಮುಚ್ಚಿದ ಕೂಡಲೇ ಕೋಣೆ ಮತ್ತೆ ಬೆಚ್ಚಗಾಗುತ್ತದೆ.

ಪ್ಲಗ್ ಹಾಕುವ ಹೀಟರ್ ಕೊಳ್ಳುವಾಗ ಜಾಹೀರಾತಿಗೆ ಮರುಳಾಗಬೇಡಿ. 1500 ವ್ಯಾಟ್ ಹೀಟರ್ ಯಾವುದೇ ಆಗಲಿ, ದುಬಾರಿಯದ್ದಾಗಲಿ ಅಗ್ಗದ್ದಾಗಲಿ, ಕೊಡುವ ಬಿಸಿ ಅಷ್ಟೇ. ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಬಿಸಿ. ಹೀಟ್ ಪಂಪ್ ಮಾತ್ರ ಹೊರಗಿನ ಗಾಳಿಯ ಬಿಸಿಯನ್ನು ಎಳೆದು ತರುವುದರಿಂದ ಎರಡು ಮೂರು ಪಟ್ಟು ಕೊಡಬಲ್ಲದು. ಒಬ್ಬರೇ ಒಂದು ಕೋಣೆಯಲ್ಲಿ ಕೂತಿರುವಾಗ ಚಿಕ್ಕ ಹೀಟರ್ ಉಪಯೋಗಕ್ಕೆ ಬರುತ್ತದೆ, ಮನೆಯಿಡೀ ಅದರಲ್ಲೇ ಬಿಸಿ ಮಾಡಲು ಹೊರಟರೆ ದುಬಾರಿ. ನೇರ ಗೋಡೆಯ ಸಾಕೆಟ್‌ಗೇ ಹಾಕಿ, ಎಕ್ಸ್‌ಟೆನ್ಷನ್ ವೈರ್ ಬೇಡ. ಸುತ್ತ ಒಂದು ಮೀಟರ್ ಒಳಗೆ ಹಾಸಿಗೆ, ಪರದೆ, ಬಟ್ಟೆ ಯಾವುದೂ ಇರಬಾರದು. ನಿದ್ದೆ ಮಾಡುವಾಗ ಆರಿಸಿ.

ಕೋಪ ಬಂದರೂ ಸರಿ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಮನೆ ಬೆಚ್ಚಗಾಗಲಿ ಅಂತ ಅಡುಗೆ ಗ್ಯಾಸ್ ಒಲೆ ಉರಿಸಬೇಡಿ, ಇದ್ದಿಲ ಕೆಂಡವನ್ನಂತೂ ಒಳಗೆ ತರಲೇಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತದೆ, ಜ್ವರ ಇರುವುದಿಲ್ಲ. ಮನೆಯವರಿಗೆಲ್ಲ ಒಟ್ಟಿಗೆ ಹೀಗಾದರೆ, ಹೊರಗೆ ಹೋದಾಗ ಹಗುರ ಅನ್ನಿಸಿದರೆ, ತಕ್ಷಣ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, ಅಲ್ಲಿಂದಲೇ ಸಹಾಯಕ್ಕೆ ಫೋನ್ ಮಾಡಿ. ಮಲಗುವ ಕೋಣೆಗಳ ಹತ್ತಿರ ಇದರ ಅಲಾರಂ ಇರಲೇಬೇಕು. ಜೋರು ಹಿಮ ಬಿದ್ದಾಗ ಹೊರಗಿನ ಹೊಗೆ ಕೊಳವೆಯ ಬಾಯಿ ಮುಚ್ಚಿಹೋಗಿದೆಯಾ ಅಂತ ನೋಡಿ. ಬಾಯ್ಲರ್, ಫರ್ನೇಸ್‌ಗೆ ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ, ಅದೂ ಚಳಿ ಬರುವ ಮುಂಚೆ. ಆಮೇಲೆ ರಿಪೇರಿಯವರು ಕೈಗೆ ಸಿಗುವುದಿಲ್ಲ.

ಉಳಿತಾಯದ ಹೆಸರಲ್ಲಿ ವಯಸ್ಸಾದವರನ್ನೂ ಹಸುಗೂಸನ್ನೂ ಚಳಿಯಲ್ಲಿ ಇಡಬೇಡಿ. ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ, ಇಂಥವರಿಗೆ ಅದಕ್ಕಿಂತ ಹೆಚ್ಚೇ ಬೇಕಾಗಬಹುದು. ವಯಸ್ಸಾದ ಮೇಲೆ ಚಳಿಯಾಗುತ್ತಿರುವುದು ಸರಿಯಾಗಿ ಗೊತ್ತಾಗುವುದಿಲ್ಲ. "ಅಮ್ಮಾ, ಚಳಿನಾ?" ಅಂತ ಕೇಳಿದರೆ "ಇಲ್ಲಪ್ಪ" ಅಂತಲೇ ಹೇಳುತ್ತೇವೆ. ಕೈ ಕಾಲು ಮುಟ್ಟಿ ನೋಡಿ. ಅವರ ಕೋಣೆಯಲ್ಲೇ ಒಂದು ಥರ್ಮಾಮೀಟರ್ ತೂಗುಹಾಕಿ. ದಪ್ಪನೆಯ ಒಂದೇ ಸ್ವೆಟರ್‌ಗಿಂತ ತೆಳುವಾದ ಎರಡು ಮೂರು ಪದರ, ಕಾಲಿಗೆ ಉಣ್ಣೆಯ ಕಾಲುಚೀಲ ಹೆಚ್ಚು ಬೆಚ್ಚಗಿಡುತ್ತದೆ.

ಕೆಲವು ದಿನ ಊರಿಗೆ ಹೋಗುವುದಿದ್ದರೆ ಹೀಟಿಂಗ್ ಪೂರ್ತಿ ಆರಿಸಬೇಡಿ. 13 ಡಿಗ್ರಿಗೆ ಇಟ್ಟು ಹೋಗಿ. ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಪೈಪ್ ಒಡೆದರೆ, ಒಳಗಿನ ಮಂಜುಗಡ್ಡೆ ಕರಗಿದ ಮೇಲೆ ಮನೆ ತುಂಬ ನೀರು. ಹೊರಗೋಡೆಯ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ಒಳಗಿನ ಕಾವು ಪೈಪಿಗೆ ತಲುಪಲಿ. ನೀರಿನ ಮೇನ್ ವಾಲ್ವ್ ಎಲ್ಲಿದೆ ಅಂತ ಮನೆಯ ಎಲ್ಲರಿಗೂ ತೋರಿಸಿ, ಒಂದು ಸಲ ತಿರುಗಿಸಿಯೂ ನೋಡಲಿ. ಹೊರಡುವ ದಿನ ಅದನ್ನು ಮುಚ್ಚಿಯೇ ಹೋಗುವುದು ವಾಸಿ. ಆದರೆ ನಿಮ್ಮ ಬಾಯ್ಲರ್‌ಗೆ ಅದೇ ಪೈಪಿನಿಂದ ತಾನಾಗಿ ನೀರು ತುಂಬುವ ವ್ಯವಸ್ಥೆ ಇದ್ದರೆ, ಮುಚ್ಚುವ ಮುಂಚೆ ಸರ್ವಿಸ್‌ನವರನ್ನು ಒಂದು ಮಾತು ಕೇಳಿಕೊಳ್ಳಿ.