ಆಟಿಯಲ್ಲಿ ದುಭಾಷಿಗಳ ಸಮಾವೇಶ: ಉಡುಪಿಯಲ್ಲಿ ರೂಮು, ರೈಲು ಹೊಂದಿಸಿದ ನನ್ನ ಅನುಭವ

ನಮ್ಮ ದುಭಾಷಿಗಳ ಸಮಾವೇಶವನ್ನು ತುಳುನಾಡಿನ ಆಟಿ ತಿಂಗಳಲ್ಲೇ, ಎಂದರೆ ಜುಲೈ–ಆಗಸ್ಟಿನ ಜೋರು ಮಳೆಯಲ್ಲೇ ಇಡೋಣ ಎಂದಾಗ ನಮ್ಮ ಬಳಗದಲ್ಲಿ ಒಪ್ಪಿದವರು ಇಬ್ಬರೋ ಮೂವರೋ. "ಘಾಟಿ ಕುಸಿದರೆ ಬೆಂಗಳೂರಿನವರು ಹಾರಿ ಬರ್ತಾರಾ ಮಾರಾಯ್ರೆ? ಡಿಸೆಂಬರಿಗೆ ಇಡಿ" ಎಂದರು ಉಳಿದವರು. ಹೆದರಿಕೆಗೆ ಕಾರಣವೂ ಇತ್ತು. 2024ರ ಜುಲೈ ಕೊನೆಗೆ ಸಕಲೇಶಪುರ ಘಾಟಿಯ ಎಡಕುಮೇರಿ–ಕಡಗರವಳ್ಳಿ ಸ್ಟೇಷನ್ನುಗಳ ನಡುವೆ ಹಳಿಯ ಬುಡವೇ ಜಾರಿ ಎಷ್ಟೋ ದಿನ ರೈಲು ನಿಂತಿತ್ತು. ನಾನು ಪಟ್ಟು ಬಿಡಲಿಲ್ಲ. ಮರುವರ್ಷದ ಆಟಿಯಲ್ಲಿ ಅರವತ್ತು ಚಿಲ್ಲರೆ ಜನ ಉಡುಪಿಯಲ್ಲಿ ಮೂರು ರಾತ್ರಿ ಉಳಿದರು, ಅದೂ ಒಬ್ಬೊಬ್ಬರಿಗೆ ಒಂದೊಂದು ರೂಮಿನಲ್ಲಿ.

ಡಿಸೆಂಬರಿನ ಕಥೆ ನಮ್ಮವರಿಗೆಲ್ಲ ಗೊತ್ತು. ಹಿಂದೊಂದು ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಸಮಾವೇಶ ಮಾಡಿದಾಗ ಹೋಟೆಲೊಂದು ಬಾಯಿಮಾತಿನಲ್ಲಿ ಹಿಡಿದಿಟ್ಟಿದ್ದ ರೂಮುಗಳನ್ನು ಮದುವೆ ಪಾರ್ಟಿಗೆ ಕೊಟ್ಟುಬಿಟ್ಟಿತು, ನಮಗೆ ತಿಳಿಸಿದ್ದು ವಾರ ಮೊದಲು. ಕೊನೆಗೆ ಸಿಕ್ಕಿದ ಜಾಗದಲ್ಲಿ ಇಬ್ಬಿಬ್ಬರನ್ನು ಒಂದೊಂದು ರೂಮಿಗೆ ಹಾಕಬೇಕಾಯಿತು. ನಮ್ಮ ಕೆಲಸದವರಿಗೆ ಅದು ಆಗುವ ಮಾತಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬೂತಿನಲ್ಲಿ (ಭಾಷಣ ಕೇಳುತ್ತಲೇ ಬೇರೆ ಭಾಷೆಯಲ್ಲಿ ಹೇಳಲು ಕೂರುವ, ಸದ್ದು ತಡೆಯುವ ಪುಟ್ಟ ಕೋಣೆ) ಕೂತು ಇಪ್ಪತ್ತು, ಮೂವತ್ತು ನಿಮಿಷಕ್ಕೊಮ್ಮೆ ಮೈಕು ಬದಲಿಸಿಕೊಳ್ಳಬೇಕಾದವರು ರಾತ್ರಿಯಿಡೀ ಪಕ್ಕದ ಮಂಚದ ಗೊರಕೆ ಕೇಳಿದ್ದರು. ಮಧ್ಯಾಹ್ನದ ಹೊತ್ತಿಗೆ ಅಂಕಿಗಳೇ ತಪ್ಪತೊಡಗಿದವು. ಅಂದಿನಿಂದ ಒಂಟಿ ರೂಮು ಇಲ್ಲದೆ ಸಮಾವೇಶ ಇಲ್ಲ ಎಂದು ಹೇಳುತ್ತ ಬಂದಿದ್ದೇನೆ.

ಒಂಟಿ ರೂಮು ಎಂದರೆ ದುಡ್ಡು. ಸ್ಟಾರ್ ಹೋಟೆಲಿನವರು ಹೇಳಿದ್ದು ನೆನಪಿದ್ದಂತೆ ದಿನಕ್ಕೆ 4,500, ಮೇಲೆ ಆಗಿನ ಶೇ. 12 ಜಿಎಸ್‌ಟಿ. ಒಟ್ಟು ಒಂಬತ್ತು ಲಕ್ಷದ ಸುತ್ತ. ಆದರೆ ಆಟಿಯಲ್ಲಿ ತುಳುನಾಡಿನಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಮಳೆಗಾಲವಾದ್ದರಿಂದ ಶ್ರೀಕೃಷ್ಣ ಮಠದ ರಥೋತ್ಸವವೂ ಇಲ್ಲ. ರಥಬೀದಿಯ ಆಸುಪಾಸಿನ ಲಾಡ್ಜುಗಳಲ್ಲಿ ಕೀಲಿಕೈಗಳು ಬೋರ್ಡಿನಲ್ಲೇ ನೇತಾಡುತ್ತಿರುತ್ತವೆ. ಮುಂದಿನ ಸೋಣ ತಿಂಗಳು ಹುಟ್ಟಿ ಕೃಷ್ಣಾಷ್ಟಮಿಯ ವಿಟ್ಲಪಿಂಡಿ ಉತ್ಸವ ಹತ್ತಿರ ಬಂದರೆ ಅದೇ ರೂಮು ಕೈಗೆ ಸಿಗುವುದಿಲ್ಲ. ನಡೆದುಹೋಗುವಷ್ಟು ದೂರದ ಮೂರು ಲಾಡ್ಜುಗಳಲ್ಲಿ ಸಾವಿರದ ನೂರರ ಆಸುಪಾಸಿಗೆ ಒಪ್ಪಿಸಿದೆ. ತೆರಿಗೆ ಸೇರಿ ಎರಡೂಕಾಲು ಲಕ್ಷದೊಳಗೆ ಮುಗಿಯಿತು. ಮಾಲೀಕರಿಗೆ ಏನು ಹೇಳಿ ಒಪ್ಪಿಸಿದೆ ಎಂಬುದನ್ನು ಬರೆಯುವುದಿಲ್ಲ, ಮುಂದಿನ ಸಲ ನನಗೇ ಬೇಕು. ಒಂದು ಮಾತ್ರ ಹೇಳುತ್ತೇನೆ: 24 ಗಂಟೆಯ ಚೆಕ್‌ಔಟ್ ಇರುವಲ್ಲಿಗೇ ಹೋಗಿ. ಬೆಂಗಳೂರಿನ ರೈಲು ನಸುಕಿಗೇ ಬರುವುದು. ಮಧ್ಯಾಹ್ನ ಹನ್ನೆರಡರ ಲೆಕ್ಕದವರು ಅರ್ಧ ದಿನದ ಬಾಡಿಗೆ ಸುಮ್ಮನೆ ಹೆಚ್ಚು ಎಳೆಯುತ್ತಾರೆ.

ರೂಮನ್ನು ಫೋಟೊ ನೋಡಿ ಹಿಡಿಯಲಿಲ್ಲ. ಮಂಚದ ಹಿಂದಿನ ಗೋಡೆಗೆ ಅಂಗೈ ಒತ್ತಿ ಹಿಡಿದರೆ ಒರತೆ ಇದೆಯೋ ಇಲ್ಲವೋ ತಿಳಿಯುತ್ತದೆ. ಹಾಸಿಗೆಯ ಕಾಲ್ದೆಸೆಯ ಮೂಲೆ ಎತ್ತಿ ಮೂಸಿದೆ, ಬೂಷ್ಟು ಮೊದಲು ಹಿಡಿಯುವುದು ಅಲ್ಲಿ. ಆಮೇಲೆ ಒಂದು ರಾತ್ರಿ ಅಲ್ಲೇ ಮಲಗಿದೆ. ಒಂದು ಲಾಡ್ಜಿನಲ್ಲಿ ನಾಲ್ಕೂವರೆಗೆ ಟ್ಯಾಂಕಿನ ಪಂಪು ಶುರುವಾಗಿ ಮೇಲಿನ ಅಂತಸ್ತಿನ ಕಿಟಕಿಗಳೆಲ್ಲ ನಡುಗಿದವು. ಆ ಸಾಲಿನ ರೂಮುಗಳನ್ನು ಬಿಟ್ಟು ಉಳಿದವನ್ನು ತೆಗೆದುಕೊಂಡೆ. ಬಸ್‌ಸ್ಟ್ಯಾಂಡ್ ಕಡೆ ಮುಖ ಮಾಡಿದವೂ ಬೇಡವೆಂದೆ, ಸರ್ವಿಸ್ ಬಸ್ಸಿನ ಹಾರ್ನು ಬೆಳಕು ಹರಿಯುವುದನ್ನು ಕಾಯುವುದಿಲ್ಲ.

ಇನ್ನು ಪ್ರಯಾಣ. ಎಲ್ಲರೂ ಸಂಶಯಪಟ್ಟದ್ದು ಇಲ್ಲೇ, ನನಗೆ ಹೆಮ್ಮೆ ಇರುವುದೂ ಇಲ್ಲೇ. ದೆಹಲಿ, ಮುಂಬಯಿ, ಕೇರಳದವರ ಚಿಂತೆ ಇರಲಿಲ್ಲ. ಮಂಗಳಾ, ಮತ್ಸ್ಯಗಂಧ, ನೇತ್ರಾವತಿ ಮೂರೂ ರೈಲು ಉಡುಪಿಯಲ್ಲಿ ನಿಲ್ಲುತ್ತವೆ. ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ನೋಡಿಕೊಂಡರೆ ಸಾಕು. ಚೆನ್ನೈನವರು ಮಂಗಳೂರು ಸೆಂಟ್ರಲ್‌ನಲ್ಲಿ ಇಳಿದು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಮಣಿಪಾಲ ಎಕ್ಸ್‌ಪ್ರೆಸ್ ಬಸ್ಸು ಹತ್ತಿದರು. ಕಷ್ಟ ಇದ್ದದ್ದು ಬೆಂಗಳೂರು ಕಡೆಯ ಇಪ್ಪತ್ತೈದು ಜನರದ್ದು. ಅವರಿಗೆ ಕಾರವಾರಕ್ಕೆ ಹೋಗುವ ಪಂಚಗಂಗಾ ರೈಲು ಸರಿ: ಮಂಗಳೂರಿನ ಎರಡೂ ಸ್ಟೇಷನ್ನಿಗೆ ಹೋಗದೆ ಊರ ಹೊರಗಿನ ಪಡೀಲಿನಲ್ಲೇ ತಿರುಗಿ ನೇರ ಇಂದ್ರಾಳಿಗೆ, ಎಂದರೆ ಉಡುಪಿ ಸ್ಟೇಷನ್ನಿಗೆ, ಬರುತ್ತದೆ. ಆದರೆ ಅದು ಸಕಲೇಶಪುರದ ಘಾಟಿ ಇಳಿಯಲೇಬೇಕು. ಹಾಗಾಗಿ 60 ದಿನ ಮೊದಲು ಬುಕಿಂಗ್ ತೆರೆದ ಬೆಳಿಗ್ಗೆಯೇ ಪ್ರತಿಯೊಬ್ಬರ ಕೈಯಲ್ಲೂ ಎರಡು ಟಿಕೆಟ್ ಮಾಡಿಸಿದೆ: ಒಂದು ಪಂಚಗಂಗಾ, ಇನ್ನೊಂದು ಅದೇ ರಾತ್ರಿ ತಡವಾಗಿ ಹೊರಡುವ ತಾಳಗುಪ್ಪ ರೈಲಿನಲ್ಲಿ ಶಿವಮೊಗ್ಗಕ್ಕೆ. ಶಿವಮೊಗ್ಗದಿಂದ ಆಗುಂಬೆ ಇಳಿಸಲು ಎರಡು ಟೆಂಪೊ ಟ್ರಾವೆಲರ್ ಹೇಳಿಟ್ಟೆ. ಆ ಘಾಟಿಯಲ್ಲಿ ಮಳೆಗಾಲಕ್ಕೆ ದೊಡ್ಡ ಗಾಡಿ ಬಿಡದಿದ್ದರೂ ಸಣ್ಣವು ಓಡಾಡುತ್ತವೆ.

ದುಡ್ಡು ದಂಡ ಎಂದರು. ಲೆಕ್ಕ ಹಾಕಿ ತೋರಿಸಿದೆ. 2025ರ ಆ ಹೊತ್ತಿಗೆ ಸ್ಲೀಪರ್ ಟಿಕೆಟ್ ರದ್ದು ಮಾಡಿದರೆ ಕನಿಷ್ಠ ಕಡಿತ 120 ರೂಪಾಯಿ ಇತ್ತು. 48 ಗಂಟೆಯೊಳಗೆ ಬಂದರೆ ಕಾಲುಭಾಗ ಹಿಡಿಯುತ್ತಿದ್ದರು ನಿಜ, ಆದರೆ ಶಿವಮೊಗ್ಗದಂಥ ಹತ್ತಿರದ ಟಿಕೆಟ್ಟಿನ ಕಾಲುಭಾಗ ಆ 120ನ್ನೇ ಮುಟ್ಟುತ್ತಿರಲಿಲ್ಲ. ಎಂದರೆ ಹೊರಡುವ 12 ಗಂಟೆ ಮೊದಲಿನವರೆಗೂ ಕಡಿತ ಅಷ್ಟೇ ಇತ್ತು. ಆ ದಿನ ಬೆಳಿಗ್ಗೆ ಘಾಟಿಯ ಸುದ್ದಿ ಕೇಳಿಕೊಂಡು ಹತ್ತರ ಸುಮಾರಿಗೆ "ಪಂಚಗಂಗಾ ಇದೆ, ತಾಳಗುಪ್ಪ ಕ್ಯಾನ್ಸಲ್ ಮಾಡಿ" ಎಂದು ಎಲ್ಲರಿಗೂ ಹೇಳಿದೆ. ಮೂರು ಸಾವಿರದ ವಿಮೆ ಅದು, ಟೆಂಪೊದವರಿಗೆ ಕೊಟ್ಟ ಸಣ್ಣ ಅಡ್ವಾನ್ಸ್ ಬೇರೆ. ಪಂಚಗಂಗಾ ಒಂದೂವರೆ ಗಂಟೆ ತಡವಾಗಿ ಬಂತು, ಎಲ್ಲರೂ ಇಳಿದರು. ಮರಳುವಾಗ ನನ್ನ ಮಾತು ಬಿಟ್ಟು ಬಸ್ಸಿಗೆ ಹೋದ ನಾಲ್ಕೈದು ಜನ ಮಾತ್ರ ಶಿರಾಡಿ ಘಾಟಿಯಲ್ಲಿ ಮರ ಬಿದ್ದು ಅರ್ಧ ರಾತ್ರಿ ದಾರಿಯಲ್ಲೇ ಕಳೆದರು.

ಬೂತನ್ನು ಬೆಂಗಳೂರಿನಿಂದ ಲಾರಿಯಲ್ಲಿ ತರಿಸಲಿಲ್ಲ. ಬಾಡಿಗೆ, ಸಾಗಣೆ ಸೇರಿ ಲಕ್ಷ ದಾಟುತ್ತಿತ್ತು, ಘಾಟಿಯಲ್ಲಿ ಲಾರಿ ನಿಲ್ಲಿಸಿದರೆ ಅದೂ ಇಲ್ಲ. ಸಭಾಂಗಣದ ಹಿಂಭಾಗದ ಗಾಜಿನ ಕೋಣೆಯನ್ನೇ ಬೂತು ಮಾಡಿ, ಟೂರ್ ಗೈಡ್ ಸೆಟ್ಟುಗಳನ್ನು (ಕೈಯಲ್ಲಿ ಒಯ್ಯುವ ತಂತಿಯಿಲ್ಲದ ಮೈಕು, ಹೆಡ್‌ಸೆಟ್ಟು) ಎರಡು ಸೂಟ್‌ಕೇಸಿನಲ್ಲಿ ರೈಲಿನಲ್ಲೇ ತರಿಸಿದೆ. ಬೂತುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 4043ರ ಬೂತಿಗೆ ಇದು ಸಮ ಅಲ್ಲ, ಜೋರು ಮಳೆಯ ಸದ್ದು ಒಳಗೆ ಕೇಳುತ್ತಿತ್ತು. ಹೆಡ್‌ಸೆಟ್ಟಿಗೆ ತೇವ ಹಿಡಿಯದಿರಲು ಒಂದು ಡಬ್ಬಿಯಲ್ಲಿ ಅಕ್ಕಿ, ಇನ್ನೊಂದರಲ್ಲಿ ಸಿಲಿಕಾ ಜೆಲ್ ಹಾಕಿಟ್ಟು ನೋಡಿದೆ. ಅಕ್ಕಿಯ ಹುಡಿ ಸ್ಪಂಜಿಗೆ ಮೆತ್ತಿಕೊಂಡಿತು, ಜೆಲ್ ಗೆದ್ದಿತು. ಪ್ರತಿ ಲಾಡ್ಜಿನಲ್ಲೂ ಒಂದು ಖಾಲಿ ರೂಮು ಕೇಳಿ ಹಗ್ಗ ಕಟ್ಟಿ ಪೆಡೆಸ್ಟಲ್ ಫ್ಯಾನ್ ಇಟ್ಟೆ. ಬಟ್ಟೆ ಒಣಗುವುದಿಲ್ಲ ಎಂಬ ದೂರು ಬರಲಿಲ್ಲ. ಬೂತಿನ ಬಾಗಿಲಲ್ಲಿ ಕಾಫಿಯ ಬದಲು ಹಾಲು ಹಾಕದ ಜೀರಿಗೆ ಕೊತ್ತಂಬರಿ ಕಷಾಯದ ಫ್ಲಾಸ್ಕ್ ಇಟ್ಟಿದ್ದೆ. ಗಂಟಲಿಗೆ ಹಿತ ಎಂದು ದೆಹಲಿಯವರು ಪುಡಿ ಕಟ್ಟಿಸಿಕೊಂಡು ಹೋದರು.

ಉಳಿದ ಹಣದಲ್ಲಿ ಕೆಲಸಕ್ಕೆ ಹೊಸದಾಗಿ ಬಂದ ಏಳೆಂಟು ಜನರ ರೈಲು ಖರ್ಚು ಕೊಟ್ಟೆವು. 2025ರ ಸೆಪ್ಟೆಂಬರ್ 22ರಿಂದ ಇಂಥ ರೂಮುಗಳಿಗೆ ಜಿಎಸ್‌ಟಿ ಶೇ. 5 ಆಗಿದೆ, ಹಳೆಯ ದರಪಟ್ಟಿ ಹಿಡಿದು ಬರುವ ಮ್ಯಾನೇಜರುಗಳ ಬಿಲ್ಲು ನೋಡಿಕೊಳ್ಳಿ.